ಸ್ಮರಣಶಕ್ತಿ: ಸ್ವರೂಪ ಮತ್ತು ಸಾಧನೆ

ಹಿಂದಿನ ರಾತ್ರಿ ಹತ್ತು ಸಲ ಓದಿದ ಪಾಠವು ಪ್ರಶ್ನಪತ್ರಿಕೆ ಕೈಗೆ ಬಂದೊಡನೆ ಮನಸ್ಸಿನಿಂದ ಮಾಯವಾದುದನ್ನು ಕಂಡು ಕಂಗೆಡುವ ವಿದ್ಯಾರ್ಥಿಗಳು ಪ್ರತಿಯೊಂದು ತರಗತಿಯಲ್ಲಿಯೂ ಇರುತ್ತಾರೆ. ಅಂಥವರನ್ನು ಹಿರಿಯರು ಮಂದಬುದ್ಧಿಗಳೆಂದು ಹಳಿಯುವುದುಂಟು. ಆ ಮಾತನ್ನೇ ನಂಬಿ ವಿದ್ಯೆಗೆ ಬೆನ್ನು ತಿರುಗಿಸಿದ ಮಕ್ಕಳೂ ಉಂಟು. ಆದರೆ ಇಂಥ ಮರೆವು ಬಹುಮಟ್ಟಿಗೆ ಬುದ್ಧಿಯ ದೋಷವಲ್ಲ, ಅಭ್ಯಾಸಕ್ರಮದ ದೋಷ. ಆದುದರಿಂದ ಸ್ಮರಣೆಯ ಸ್ವರೂಪವನ್ನು ವಿದ್ಯಾರ್ಥಿಗಳು ಅರಿಯುವುದು ಅವಶ್ಯಕ.

ಅನುಭವವು ಮನಸ್ಸಿನಲ್ಲಿ ಒಂದು ಸಂಸ್ಕಾರವನ್ನು ಉಳಿಸುತ್ತದೆ, ಆ ಸಂಸ್ಕಾರದಿಂದ ಸ್ಮೃತಿಯು ಹುಟ್ಟುತ್ತದೆ ಎಂಬುದು ನೈಯಾಯಿಕರ ಮತ. ಆದರೆ ಸಂಸ್ಕಾರವು ಇದ್ದ ಮಾತ್ರಕ್ಕೆ ನೆನಪು ಬಾರದು; ಅದನ್ನು ಎಚ್ಚರಿಸುವ ಉದ್ಬೋಧಕವೊಂದು ಬೇಕು. ಬೂದಿ ಮುಚ್ಚಿದ ಕೆಂಡಕ್ಕೆ ಗಾಳಿ ಹೇಗೋ, ಸಂಸ್ಕಾರಕ್ಕೆ ಉದ್ಬೋಧಕವು ಹಾಗೆ. ಕನ್ನಡದ ಷಟ್ಪದಿಯಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನವು ಮರಳಿ ಬರುತ್ತದೆ. ಈ ಪ್ರಾಸವು ಕಿವಿಗೆ ಇಂಪು ಮಾತ್ರವಲ್ಲ, ಮುಂದಿನ ಪಾದವನ್ನು ಎಚ್ಚರಿಸುವ ಉದ್ಬೋಧಕವೂ ಹೌದು. ಜೈಮಿನಿ ಭಾರತದ ಪದ್ಯಗಳು ಅಕ್ಷರವರಿಯದ ರೈತರ ನಾಲಗೆಯ ಮೇಲೂ ನಿಂತುದಕ್ಕೆ ಇದೊಂದು ಕಾರಣ.

ಆಧುನಿಕ ಕಾಲದಲ್ಲಿ ಮರೆವನ್ನು ಮೊದಲು ಅಳೆದವನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಈತನು ಅರ್ಥವಿಲ್ಲದ ಅಕ್ಷರಪುಂಜಗಳನ್ನು ತಾನೇ ಕಂಠಪಾಠ ಮಾಡಿ, ಕೆಲಕಾಲದ ಮೇಲೆ ಅವನ್ನೇ ಮರಳಿ ಕಲಿಯುತ್ತ, ಮೊದಲಿಗಿಂತ ಎಷ್ಟು ಶ್ರಮ ಉಳಿಯಿತೆಂದು ಲೆಕ್ಕ ಹಾಕಿದನು. 1885ರಲ್ಲಿ ಆತನು ಪ್ರಕಟಿಸಿದ ಫಲಿತಾಂಶದಂತೆ ಒಂದು ಗಂಟೆಯ ಬಳಿಕ ಈ ಉಳಿತಾಯ ಶೇಕಡಾ 44. ಒಂದು ದಿನದ ಬಳಿಕ ಸುಮಾರು 34. ಒಂದು ತಿಂಗಳ ಬಳಿಕ ಸುಮಾರು 21. ಮರೆವು ಮೊದಲು ವೇಗವಾಗಿ, ಅನಂತರ ನಿಧಾನವಾಗಿ ಸಾಗುತ್ತದೆಂಬುದು ಇದರಿಂದ ಸ್ಪಷ್ಟ. ಬೈರನ್ ಕವಿಯ ಪದ್ಯಗಳನ್ನು ಕಲಿಯಲು ಮಾತ್ರ ಆತನಿಗೆ, ಅಷ್ಟೇ ಉದ್ದದ ನಿರರ್ಥಕ ಅಕ್ಷರಗಳಿಗೆ ತಗುಲಿದ ಶ್ರಮದಲ್ಲಿ ಹತ್ತರಲ್ಲೊಂದು ಪಾಲು ಸಾಕಾಯಿತು. ಅರ್ಥವೂ ಲಯವೂ ಸ್ಮರಣೆಗೆ ಎಂಥ ಊರುಗೋಲೆಂಬುದಕ್ಕೆ ಇದು ಸಾಕ್ಷಿ.

ಮತ್ತೆ ಮತ್ತೆ ಓದಿದರೆ ಸಾಲದೇ ಎಂದು ವಿದ್ಯಾರ್ಥಿಯು ಕೇಳಬಹುದು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ವಿದ್ವಾಂಸರು ಪ್ರಕಟಿಸಿದ ಪ್ರಯೋಗವು ಇದಕ್ಕೆ ಉತ್ತರ ನೀಡುತ್ತದೆ. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲಿಯೂ ಓದಿದರು. ಇನ್ನೊಂದು ಗುಂಪಿನವರು ಒಂದು ಅವಧಿಯಲ್ಲಿ ಓದಿ, ಉಳಿದ ಮೂರರಲ್ಲಿ ಅದನ್ನು ನೋಡದೆ ನೆನೆದು ಬರೆದರು. ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಓದಿದವರದೇ ಮೇಲುಗೈ. ಒಂದು ವಾರದ ಬಳಿಕವಾದರೋ ಓದಿದವರಿಗೆ ಉಳಿದುದು ಶೇಕಡಾ 40, ನೆನೆದವರಿಗೆ 61. ವಿಚಿತ್ರವೆಂದರೆ ತಮಗೆ ಹೆಚ್ಚು ನೆನಪಿರುವುದೆಂಬ ಭರವಸೆ ಓದಿದವರಲ್ಲೇ ಅಧಿಕವಾಗಿತ್ತು! ಕಣ್ಣಿಗೆ ಪರಿಚಿತವಾದುದನ್ನು ಮನಸ್ಸು ತನಗೆ ವಶವಾದುದೆಂದು ಭ್ರಮಿಸುತ್ತದೆ.

ಹಿಂದಿನ ಕಾಲದ ಗುರುಗಳು ಪಾಠವನ್ನು 'ಒಪ್ಪಿಸು' ಎಂದು ಹೇಳುತ್ತಿದ್ದುದರ ಮರ್ಮವು ಇಲ್ಲಿದೆ. ಒಪ್ಪಿಸುವುದು ಕೇವಲ ಪರೀಕ್ಷೆಯಲ್ಲ, ಅದೇ ಕಲಿಕೆ. ಪ್ರತಿಸಲ ಹೊರತೆಗೆದಾಗಲೂ ಸಂಸ್ಕಾರವು ದೃಢವಾಗುತ್ತದೆ. ಆದರೆ ಅರ್ಥವರಿಯದೆ ಒಪ್ಪಿಸುವ ಗಿಳಿಪಾಠದಿಂದ ಪ್ರಯೋಜನವು ಅಲ್ಪ.

ಇವೆಲ್ಲದರಿಂದ ವಿದ್ಯಾರ್ಥಿಗಳು ಅನುಸರಿಸಬೇಕಾದ ಕ್ರಮವು ತಾನಾಗಿ ಹೊರಡುತ್ತದೆ. ಮೊದಲನೆಯದು ಏಕಾಗ್ರತೆ, ಮನಸ್ಸಿಲ್ಲದೆ ಕೇಳಿದುದು ಸಂಸ್ಕಾರವನ್ನೇ ಉಳಿಸದು. ಎರಡನೆಯದು ಅರ್ಥಗ್ರಹಣ, ಹೊಸ ವಿಷಯವನ್ನು ತಿಳಿದ ವಿಷಯದೊಡನೆ ಹೆಣೆಯಬೇಕು. ಮೂರನೆಯದು ಪುಸ್ತಕವನ್ನು ಮುಚ್ಚಿ ನೆನೆಯುವುದು. ತಪ್ಪಿದ ಎಡೆಯನ್ನು ಪುಸ್ತಕ ತೆರೆದು ತಿದ್ದಿಕೊಳ್ಳಬೇಕು. ನಾಲ್ಕನೆಯದು ಅಂತರವಿಟ್ಟು ಮಾಡುವ ಆವೃತ್ತಿ. ಹಗಲು ಕೇಳಿದುದನ್ನು ಆ ಸಂಜೆಯೇ, ಮರುದಿನ, ವಾರದ ಮೇಲೆ, ತಿಂಗಳ ಮೇಲೆ ಹೀಗೆ ಮರಳಿ ನೆನೆಯಬೇಕು. ಐದನೆಯದು ಸಹಪಾಠಿಗೆ ಹೇಳಿಕೊಡುವುದು. ಹೇಳುವಾಗ ತನಗೆ ತಿಳಿಯದುದು ತಾನೇ ಬಯಲಾಗುತ್ತದೆ. ಕೊನೆಯದು ನಿದ್ರೆ. ಹಗಲಿನ ಕಲಿಕೆಯನ್ನು ಮಿದುಳು ನಿದ್ರೆಯಲ್ಲಿ ಸ್ಥಿರಗೊಳಿಸುವುದರಿಂದ, ಪರೀಕ್ಷೆಯ ಹಿಂದಿನ ರಾತ್ರಿಯೆಲ್ಲ ದೀಪ ಉರಿಸಿ ಓದುವವನು ಕೂಡಿಟ್ಟುದನ್ನೇ ಕಳೆದುಕೊಳ್ಳುತ್ತಾನೆ.

ಒಂದೇ ದಿನ ಸುರಿದ ಕುಂಭದ್ರೋಣ ಮಳೆ ಹರಿದುಹೋಗುತ್ತದೆ. ಬಿಟ್ಟು ಬಿಟ್ಟು ಬಂದ ಹದಮಳೆ ನೆಲದಾಳಕ್ಕೆ ಇಳಿಯುತ್ತದೆ. ವಿದ್ಯೆಯ ರೀತಿಯೂ ಇದೇ. ಮರೆತ ಬಾಲಕನನ್ನು ಹಳಿಯುವ ಮೊದಲು ಅವನು ಹೇಗೆ ಓದಿದನೆಂದು ವಿಚಾರಿಸುವುದು ಹಿರಿಯರ ಕರ್ತವ್ಯ. ಓದಿದ ಪುಸ್ತಕವನ್ನು ಮುಚ್ಚಿ, ತನಗೆ ತಾನೇ ಪಾಠವನ್ನು ಒಪ್ಪಿಸಿಕೊಳ್ಳುವುದು ವಿದ್ಯಾರ್ಥಿಯ ಕರ್ತವ್ಯ.