ಸಿಸೇರಿಯನ್ ಹೆರಿಗೆ ಮತ್ತು ಬಡತನ: ಗ್ರಾಮ ಪಂಚಾಯಿತಿಗಳು ಗಮನಿಸಬೇಕಾದ ಅಂಶಗಳು

ಮಗು ಗರ್ಭಕೋಶದಲ್ಲಿ ಅಡ್ಡಲಾಗಿರುವಾಗ, ಮಾಸು ಗರ್ಭಕೋಶದ ಬಾಯಿಯನ್ನು ಮುಚ್ಚಿರುವಾಗ ಅಥವಾ ಹೆರಿಗೆ ಮುಂದುವರಿಯದೆ ಮಗುವಿನ ಎದೆಬಡಿತ ಕುಸಿಯುವಾಗ ಸಿಸೇರಿಯನ್ ಶಸ್ತ್ರಚಿಕಿತ್ಸೆಯು ತಾಯಿ ಮತ್ತು ಮಗುವಿನ ಜೀವ ಉಳಿಸುತ್ತದೆ. ಅಗತ್ಯವಿಲ್ಲದೆ ನಡೆದಾಗ ಅದೇ ಶಸ್ತ್ರಚಿಕಿತ್ಸೆಯು ರಕ್ತಸ್ರಾವ ಹಾಗೂ ಸೋಂಕಿನ ಅಪಾಯವನ್ನೂ, ಮುಂದಿನ ಗರ್ಭಧಾರಣೆಯಲ್ಲಿ ತೊಡಕುಗಳನ್ನೂ ಹೆಚ್ಚಿಸುತ್ತದೆ. ಅಗತ್ಯವಿದ್ದಾಗ ದೊರೆಯದಿರುವುದು ಮತ್ತು ಅಗತ್ಯವಿಲ್ಲದಿದ್ದಾಗ ನಡೆಯುವುದು, ಈ ಎರಡರ ಹೊರೆಯೂ ಬಡ ಕುಟುಂಬಗಳ ಮೇಲೆ ಹೆಚ್ಚಾಗಿ ಬೀಳುತ್ತದೆ.

ಅಂಕಿ-ಅಂಶಗಳು

ಒಟ್ಟು ಹೆರಿಗೆಗಳಲ್ಲಿ ಸಿಸೇರಿಯನ್ ಪ್ರಮಾಣ ಶೇ. 10ರಿಂದ 15ರಷ್ಟಿದ್ದರೆ ಸಾಕೆಂದು 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅಭಿಪ್ರಾಯಪಟ್ಟಿತ್ತು. 2015ರಲ್ಲಿ ಅದೇ ಸಂಸ್ಥೆಯು, ನಿಗದಿತ ಪ್ರಮಾಣವನ್ನು ತಲುಪುವುದಕ್ಕಿಂತ ಅಗತ್ಯವಿರುವ ಪ್ರತಿ ಮಹಿಳೆಗೂ ಈ ಸೇವೆ ದೊರೆಯುವುದೇ ಮುಖ್ಯವೆಂದು ಸ್ಪಷ್ಟಪಡಿಸಿತು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಈ ಪ್ರಮಾಣ 2015-16ರಲ್ಲಿ ಶೇ. 17.2ರಷ್ಟಿದ್ದು, 2019-21ರಲ್ಲಿ ಶೇ. 21.5ಕ್ಕೆ ಏರಿದೆ. ಕರ್ನಾಟಕದಲ್ಲಿ ಅದು ಶೇ. 23.6ರಿಂದ ಶೇ. 31.5ಕ್ಕೆ ತಲುಪಿದೆ. ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ. 14.3 ಹೆರಿಗೆಗಳು ಸಿಸೇರಿಯನ್ ಆಗಿದ್ದರೆ, ಖಾಸಗಿ ಆಸ್ಪತ್ರೆಗಳಲ್ಲಿ ಶೇ. 47.4ರಷ್ಟು ಆಗಿವೆ. ಅತ್ಯಂತ ಬಡ ಕುಟುಂಬಗಳಲ್ಲಿ ಈ ಪ್ರಮಾಣ ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ಅತ್ಯಂತ ಸ್ಥಿತಿವಂತರಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು.

ಆದುದರಿಂದ ಸರಾಸರಿಯೊಂದನ್ನೇ ನೋಡಿ ತೀರ್ಮಾನಕ್ಕೆ ಬರಲಾಗದು. ಒಂದು ಊರಿನಲ್ಲಿ ಶೇ. 5, ಇನ್ನೊಂದರಲ್ಲಿ ಶೇ. 25 ಇದ್ದು, ಹೆರಿಗೆಗಳ ಸಂಖ್ಯೆ ಸಮನಾಗಿದ್ದರೆ ಸರಾಸರಿ ಶೇ. 15 ಆಗುತ್ತದೆ. ಕಾಗದದ ಮೇಲೆ ಎಲ್ಲವೂ ಸರಿಯಾಗಿ ಕಂಡರೂ ಎರಡೂ ಊರುಗಳಲ್ಲಿ ಕೊರತೆ ಇರಬಹುದು.

ಬಡ ಕುಟುಂಬಕ್ಕೆ ಆಗುವ ನಷ್ಟ

ತಜ್ಞ ವೈದ್ಯರು, ಅರಿವಳಿಕೆ ತಜ್ಞರು ಅಥವಾ ರಕ್ತದ ಲಭ್ಯತೆ ಇಲ್ಲದ ಆಸ್ಪತ್ರೆಯಿಂದ ಗರ್ಭಿಣಿಯನ್ನು ಕೊನೆಯ ಗಳಿಗೆಯಲ್ಲಿ ಬೇರೆಡೆಗೆ ಕಳುಹಿಸಿದಾಗ ಕುಟುಂಬದವರು ಸಮೀಪದ ಖಾಸಗಿ ಆಸ್ಪತ್ರೆಗೆ ಧಾವಿಸುವುದು ಸಹಜ. ಒಡವೆ ಅಡವಿಟ್ಟು, ಕೈಸಾಲ ಮಾಡಿ ಆಸ್ಪತ್ರೆಯ ಹಣ ಕಟ್ಟಬೇಕಾಗುತ್ತದೆ. ಹೊಲಿಗೆ ಮಾಗುವವರೆಗೆ ಭಾರ ಎತ್ತುವಂತಿಲ್ಲವಾದ್ದರಿಂದ ಕೂಲಿಯೂ ನಿಲ್ಲುತ್ತದೆ. ಒಮ್ಮೆ ಸಿಸೇರಿಯನ್ ಆದ ಬಳಿಕ ಮುಂದಿನ ಹೆರಿಗೆಯೂ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಯಲ್ಲಿಯೇ ಆಗಬೇಕಾಗುತ್ತದೆ.

ಲಭ್ಯವಿರುವ ಸೌಲಭ್ಯಗಳು

2011ರ ಜೂನ್ 1ರಂದು ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಹಜ ಹೆರಿಗೆ ಹಾಗೂ ಸಿಸೇರಿಯನ್ ಎರಡೂ ಸಂಪೂರ್ಣ ಉಚಿತ. ಔಷಧ, ತಪಾಸಣೆ, ರಕ್ತ, ಆಸ್ಪತ್ರೆಗೆ ಹೋಗಿಬರುವ ವಾಹನ ಮತ್ತು ಸಿಸೇರಿಯನ್ ಆದವರಿಗೆ 7 ದಿನಗಳವರೆಗೆ ಊಟ ಇದರಲ್ಲಿ ಸೇರಿವೆ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಉಚಿತ ತಪಾಸಣೆ ನಡೆಯುತ್ತದೆ. ತೊಡಕಿನ ಗರ್ಭಧಾರಣೆಯನ್ನು ಮುಂಚಿತವಾಗಿ ಗುರುತಿಸಲು ಇದು ಸಕಾಲ.

ಪಂಚಾಯಿತಿಗಳು ಕೈಗೊಳ್ಳಬಹುದಾದ ಕ್ರಮಗಳು

1. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಯ ಮಾಸಿಕ ಸಭೆಯಲ್ಲಿ, ಆಶಾ ಕಾರ್ಯಕರ್ತೆಯರ ನೆರವಿನಿಂದ, ಮುಂದಿನ ಎರಡು ತಿಂಗಳಲ್ಲಿ ಹೆರಿಗೆಯಾಗಲಿರುವವರ ಸಂಖ್ಯೆಯನ್ನೂ ಅವರಿಗೆ ಬೇಕಾದ ಸಿದ್ಧತೆಯನ್ನೂ ಪರಿಶೀಲಿಸುವುದು. ವೈಯಕ್ತಿಕ ಆರೋಗ್ಯ ವಿವರಗಳನ್ನು ಸಭೆಯಲ್ಲಿ ಬಹಿರಂಗಪಡಿಸಬಾರದು.

2. ಚೊಚ್ಚಲ ಹೆರಿಗೆಗೆ ತವರಿಗೆ ಬಂದವರು ಮತ್ತು ವಲಸೆ ಕಾರ್ಮಿಕ ಕುಟುಂಬದವರು ಎರಡೂ ಊರುಗಳ ಪಟ್ಟಿಯಿಂದ ತಪ್ಪಿಹೋಗುವ ಸಂಭವವಿದೆ. ಅಂತಹವರು ತಾಯಿ ಕಾರ್ಡಿನೊಂದಿಗೆ ಸ್ಥಳೀಯ ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸುವಂತೆ ನೋಡಿಕೊಳ್ಳುವುದು.

3. ದಿನದ 24 ಗಂಟೆಯೂ ಸಿಸೇರಿಯನ್ ಸೌಲಭ್ಯವಿರುವ ಸಮೀಪದ ಸರ್ಕಾರಿ ಆಸ್ಪತ್ರೆ ಯಾವುದೆಂದು ತಾಲ್ಲೂಕು ಆರೋಗ್ಯಾಧಿಕಾರಿಗಳಿಂದ ಖಚಿತಪಡಿಸಿಕೊಂಡು, ಪಂಚಾಯಿತಿ ಕಚೇರಿ ಹಾಗೂ ಅಂಗನವಾಡಿಗಳಲ್ಲಿ ಬರೆಯಿಸುವುದು.

4. 108 ವಾಹನ ತಲುಪಲು ಅಡ್ಡಿಯಾಗುವ ರಸ್ತೆ, ಮೋರಿ ಮತ್ತು ಬೀದಿದೀಪಗಳ ದುರಸ್ತಿಗೆ ಕ್ರಿಯಾ ಯೋಜನೆಯಲ್ಲಿ ಆದ್ಯತೆ ನೀಡುವುದು.

5. ಶಸ್ತ್ರಚಿಕಿತ್ಸೆಗೆ ಸಲಹೆ ನೀಡಿದಾಗ ಕಾರಣವನ್ನು ಕೇಳಿ ತಿಳಿಯುವ ಹಕ್ಕು ತಾಯಿಗೂ ಕುಟುಂಬದವರಿಗೂ ಇದೆ ಎಂಬುದನ್ನು ಗ್ರಾಮಸಭೆಗಳಲ್ಲಿ ತಿಳಿಸುವುದು. ತುರ್ತು ಸ್ಥಿತಿಯಲ್ಲಿ ವೈದ್ಯರ ಸಲಹೆಯನ್ನು ವಿಳಂಬವಿಲ್ಲದೆ ಪಾಲಿಸಬೇಕೆಂಬುದನ್ನೂ ಜೊತೆಯಲ್ಲಿಯೇ ಹೇಳಬೇಕು.

ಯಾರಿಗೆ ಶಸ್ತ್ರಚಿಕಿತ್ಸೆ ಬೇಕು ಎಂಬುದು ವೈದ್ಯರ ನಿರ್ಧಾರ. ಯಾವ ಆಸ್ಪತ್ರೆಗೆ, ಯಾವ ವಾಹನದಲ್ಲಿ, ಯಾರ ಜೊತೆ ಹೋಗಬೇಕು ಎಂಬುದನ್ನು ನೋವು ಕಾಣಿಸಿಕೊಳ್ಳುವ ಮೊದಲೇ ನಿಶ್ಚಯಿಸಲು ಕುಟುಂಬಕ್ಕೆ ನೆರವಾಗುವುದು ಪಂಚಾಯಿತಿಯಿಂದ ಆಗಬಹುದಾದ ಕೆಲಸ.