ಕರುಳಿನ ಉರಿಯೂತ: ಪಥ್ಯವೆಂದರೆ ಉಪವಾಸವಲ್ಲ

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬುದು ಹಿರಿಯರ ಮಾತು. ಮಾತು ದೊಡ್ಡದು, ಆದರೆ ಎಲ್ಲ ರೋಗಗಳಿಗೂ ಅದು ಅನ್ವಯಿಸದು. ಹಿತಮಿತವಾಗಿ ಉಂಡು ನಿಯಮದಿಂದ ಬಾಳುವವರನ್ನೂ ಹಿಡಿಯುವ ಕಾಯಿಲೆಗಳುಂಟು. ಕರುಳಿನ ದೀರ್ಘಕಾಲದ ಉರಿಯೂತವು ಅಂಥವುಗಳಲ್ಲೊಂದು.

ಮೈಸೂರಿನ ನಮ್ಮ ಮನೆಗಳಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟಿತೆಂದರೆ ತಟ್ಟೆಯಿಂದ ಒಂದೊಂದೇ ಪದಾರ್ಥ ಮರೆಯಾಗತೊಡಗುತ್ತದೆ. ಮೊದಲು ಖಾರ, ಬಳಿಕ ಬೇಳೆ, ಅನಂತರ ಹಾಲು, ತರಕಾರಿ. ಕೊನೆಗೆ ಉಳಿಯುವುದು ಗಂಜಿ, ಮಜ್ಜಿಗೆ. ನಾಲ್ಕು ದಿನದ ಭೇದಿಗೆ ಇದು ಸರಿಯೇ. ಆದರೆ ವರ್ಷಗಟ್ಟಲೆ ಉಳಿಯುವ ಕಾಯಿಲೆಯಲ್ಲಿ ಇದೇ ಪಥ್ಯ ಮುಂದುವರಿದರೆ, ರೋಗಿಯು ಸೊರಗಿದ್ದು ರೋಗದಿಂದಲೋ ಪಥ್ಯದಿಂದಲೋ ತಿಳಿಯದಾಗುತ್ತದೆ.

ರೋಗದ ಸ್ವರೂಪ

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣಾಗುವುದು ಅಲ್ಸರೇಟಿವ್ ಕೊಲೈಟಿಸ್. ಇನ್ನೊಂದು ಕ್ರೋನ್ಸ್ ಕಾಯಿಲೆ. ಅದು ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಬರಬಹುದಾದರೂ ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಹೆಚ್ಚು. 1932ರಲ್ಲಿ ನ್ಯೂಯಾರ್ಕಿನ ವೈದ್ಯ ಬರಿಲ್ ಕ್ರೋನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಇದನ್ನು ವಿವರಿಸಿದ್ದರಿಂದ ಈ ಹೆಸರು ಬಂದಿತು. ದೇಹದ ರೋಗನಿರೋಧಕ ಶಕ್ತಿಯು ತನ್ನ ಕರುಳಿನ ಮೇಲೆಯೇ ತಿರುಗಿಬೀಳುವುದು ಇಲ್ಲಿನ ಮೂಲ ತೊಂದರೆ. ಆನುವಂಶಿಕತೆ, ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು, ಬದಲಾದ ಜೀವನಕ್ರಮ ಎಲ್ಲವೂ ಇದರಲ್ಲಿ ಸೇರಿವೆ. ಆದ್ದರಿಂದ ಮನೆಯ ಸಾರಿನ ಖಾರವೇ ಕಾರಣವೆಂದು ಅಡುಗೆ ಮಾಡಿದ ತಾಯಿ ಕೊರಗಬೇಕಾಗಿಲ್ಲ.

ಮೂಲವ್ಯಾಧಿಯೆಂಬ ತಪ್ಪು ತಿಳಿವಳಿಕೆ

ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ, ಸಂಕೋಚದಿಂದ ಮುಚ್ಚಿಟ್ಟು, ಮನೆಮದ್ದಿನಲ್ಲಿ ಕಾಲ ಕಳೆಯುವವರು ಬಹಳ. ಕೆಲವು ವಾರಗಳಿಂದ ಭೇದಿ, ರಕ್ತ, ಹೊಟ್ಟೆನೋವು, ತೂಕ ಇಳಿತ ಇದ್ದಲ್ಲಿ ತಡಮಾಡದೆ ವೈದ್ಯರನ್ನು ಕಾಣಬೇಕು. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಕ್ರೋನ್ಸ್ ಕಾಯಿಲೆಯಂತೆಯೇ ತೋರುವುದರಿಂದ ಪರೀಕ್ಷೆಯಿಲ್ಲದೆ ಚಿಕಿತ್ಸೆ ಸಲ್ಲದು. ಕೆ.ಆರ್. ಆಸ್ಪತ್ರೆ, ಜೆ.ಎಸ್.ಎಸ್. ಆಸ್ಪತ್ರೆಗಳಂಥ ಬೋಧನಾ ಆಸ್ಪತ್ರೆಗಳಿರುವ ಈ ನಗರದಲ್ಲಿ ತಜ್ಞರ ಸಲಹೆ ದೂರದ ಮಾತಲ್ಲ.

ಅಡುಗೆಮನೆಯ ಕೆಲಸ

ಆಹಾರದಿಂದ ಮಾತ್ರವೇ ಈ ರೋಗ ಗುಣವಾಗದು. ಆದರೆ ಆಹಾರವಿಲ್ಲದೆ ರೋಗಿಯು ಚೇತರಿಸಿಕೊಳ್ಳಲಾರ. ರೋಗ ಉಲ್ಬಣಿಸಿದಾಗ ಪ್ರತಿ ಕಿಲೋ ದೇಹತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕೆಂಬುದು ತಜ್ಞರ ಸಲಹೆ. 50 ಕಿಲೋ ತೂಗುವವರಿಗೆ ಇದು 60ರಿಂದ 75 ಗ್ರಾಂ. ಬರಿಯ ಗಂಜಿಯಿಂದ ಇದು ಸಾಧ್ಯವೇ? ಮೆತ್ತಗಿನ ಅನ್ನ, ಇಡ್ಲಿ, ಚೆನ್ನಾಗಿ ಬೆಂದ ಹೆಸರುಬೇಳೆ, ಗಟ್ಟಿ ಮೊಸರು, ಪನೀರ್, ಸಿಪ್ಪೆ ಬೀಜ ತೆಗೆದ ಸೋರೆಕಾಯಿಯ ಪಲ್ಯ ಇವನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಕೊಡಬೇಕು. ಹಸಿ ತರಕಾರಿ, ಹುರಿಗಾಳು, ಕರಿದ ತಿಂಡಿ ಆಗ ಬೇಡ.

ರೋಗ ತಗ್ಗಿದ ಮೇಲೆ ತರಕಾರಿ, ಹಣ್ಣು, ಕಾಳುಗಳನ್ನು ಒಂದೊಂದಾಗಿ ಮರಳಿ ತರಬೇಕು. ನಾರು ಶತ್ರುವಲ್ಲ, ಕರುಳು ಕಿರಿದಾಗಿರುವವರು ಮಾತ್ರ ವೈದ್ಯರು ಹೇಳಿದಂತೆ ಅದನ್ನು ಮಿತಗೊಳಿಸಬೇಕು. ಪೊಟ್ಟಣದ ತಿನಿಸುಗಳಲ್ಲಿರುವ ಕೆಲವು ಸೇರ್ಪಡೆ ವಸ್ತುಗಳ ಮೇಲೆ ವಿಜ್ಞಾನಿಗಳ ಸಂದೇಹವಿರುವುದರಿಂದ ಅವನ್ನು ಕಡಿಮೆ ಮಾಡುವುದು ಲೇಸು.

ಸ್ಟೀರಾಯ್ಡ್ ಔಷಧ ಸೇವಿಸುವವರ ಮೂಳೆಗಳಿಗೆ ಕ್ಯಾಲ್ಸಿಯಂ ಅಗತ್ಯ. ನೂರು ಗ್ರಾಂ ರಾಗಿಯಲ್ಲಿ ಅದು 340 ಮಿಲಿಗ್ರಾಂನಷ್ಟಿದೆ. ಬಿಳಿ ಅಕ್ಕಿಯಲ್ಲಿ 10ರ ಆಸುಪಾಸು. ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದ ರಾಗಿಯ ಹಿಟ್ಟು ಬೇಯಿಸಿದಾಗ ಅಷ್ಟು ಗಟ್ಟಿಯಾಗದು. ಆದ್ದರಿಂದ ಒಂದು ಲೋಟದಲ್ಲಿ ಹೆಚ್ಚು ಹಿಟ್ಟು, ಹೆಚ್ಚು ಪೋಷಣೆ ಸೇರುತ್ತದೆ. 1950ರಲ್ಲಿ ನಮ್ಮ ಊರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಈ ಮೊಳಕೆಯ ಹಿಟ್ಟಿನ ಬಗ್ಗೆ ಸಂಶೋಧನೆ ನಡೆಸಿದೆ. ಅಜ್ಜಿಯರು ಕೂಸುಗಳಿಗೆ ಮಾಡುತ್ತಿದ್ದ ಸರಿಯೂ ಇದೇ ಜಾತಿಯದು.

ಸಸ್ಯಾಹಾರಿಗಳಾದ ನಾವು ಒಂದು ಮಾತನ್ನು ಮರೆಯಬಾರದು. ಬಿ12 ಜೀವಸತ್ವವು ಕಾಳು, ಸೊಪ್ಪುಗಳಲ್ಲಿಲ್ಲ. ಹಾಲು, ಮೊಸರುಗಳಿಂದಲೇ ಬರಬೇಕು. ಅದನ್ನು ಹೀರುವುದು ಸಣ್ಣ ಕರುಳಿನ ಕೊನೆಯ ಭಾಗ. ಕ್ರೋನ್ಸ್ ಹೆಚ್ಚಾಗಿ ತಾಗುವುದೂ ಅದನ್ನೇ. ಹಾಲು ಒಗ್ಗದವರಿಗೆ ಮೊಸರು ಬಹುಮಟ್ಟಿಗೆ ಒಗ್ಗುತ್ತದೆ. ಬಿ12, ಕಬ್ಬಿಣ, ಡಿ ಜೀವಸತ್ವಗಳನ್ನು ಆಗಾಗ್ಗೆ ಪರೀಕ್ಷಿಸಿಕೊಂಡು, ಕೊರತೆಯಿದ್ದರೆ ಔಷಧ ರೂಪದಲ್ಲಿ ಪಡೆಯಬೇಕು.

ಔಷಧ ಮತ್ತು ಪಂಕ್ತಿ

ರಕ್ತ ನಿಂತಿತೆಂದು ಮಾತ್ರೆ ನಿಲ್ಲಿಸುವವರು ಹಲವರು. ರೋಗ ಮರುಕಳಿಸಲು ಇದೊಂದು ದೊಡ್ಡ ಕಾರಣ. ಪಥ್ಯವು ಔಷಧದ ಜೊತೆಗಾರನೇ ಹೊರತು ಅದರ ಬದಲಿಯಲ್ಲ.

ಇನ್ನು ನಮ್ಮ ಪಂಕ್ತಿಯ ವಿಚಾರ. ಮದುವೆಯಲ್ಲಿ, ದಾಸೋಹದಲ್ಲಿ ಎಲೆಯ ಮುಂದೆ ಕುಳಿತ ತರುಣನೊಬ್ಬ ‘ಸಾಕು’ ಎಂದರೆ ಅದು ಬಿಂಕವೂ ಅಲ್ಲ, ಅನಾದರವೂ ಅಲ್ಲ. ಪ್ರಸಾದವನ್ನು ಎಲೆಯಲ್ಲಿ ಬಿಡಬಾರದೆಂಬ ನಮ್ಮ ನಿಯಮವೇ ಅವನನ್ನು ಪಂಕ್ತಿಯಿಂದ ದೂರವಿಡುವಂತಾಗಬಾರದು. ಒತ್ತಾಯಿಸದೆ, ಅವನು ಕೇಳಿದಷ್ಟನ್ನೇ ಬಡಿಸಿದರೆ ಅವನೂ ಎಲ್ಲರೊಡನೆ ಕುಳಿತು ಉಣ್ಣುತ್ತಾನೆ. ಚೇತರಿಕೆಗೆ ಅದೂ ಬೇಕು.