ಹಳೆಯ ಪಿಕಪ್ ವಾಹನವನ್ನು ಮನೆಯಲ್ಲಿಯೇ ಪುನರ್‌ನಿರ್ಮಿಸುವ ಮಾಲೀಕರ ಮಾಹಿತಿಗಾಗಿ

ಹತ್ತು ಹದಿನೈದು ವರ್ಷ ದುಡಿದ ಪಿಕಪ್ ವಾಹನವನ್ನು ಮಾರದೆ, ಮನೆಯ ಅಂಗಳದಲ್ಲಿಯೇ ಬಿಚ್ಚಿ, ಪರಿಚಯದ ಮೆಕ್ಯಾನಿಕ್ ಮತ್ತು ವೆಲ್ಡರ್ ನೆರವಿನಿಂದ ಮತ್ತೆ ಕಟ್ಟಿಕೊಳ್ಳುವುದು ರಾಜ್ಯದಲ್ಲಿ ರೂಢಿಯಲ್ಲಿರುವ ಪದ್ಧತಿಯಾಗಿದೆ. ಹಾಲು, ತರಕಾರಿ, ಮೇವು ಸಾಗಿಸುವ ಸಣ್ಣ ಮಾಲೀಕರಿಗೆ ಹೊಸ ವಾಹನದ ಸಾಲಕ್ಕಿಂತ ಇದು ಹಗುರವಾದ ಮಾರ್ಗವೂ ಹೌದು. ದುರಸ್ತಿಗೆ ಕಾನೂನಿನ ಅಡ್ಡಿಯಿಲ್ಲ. ಆದರೆ ದುರಸ್ತಿಯು ಯಾವ ಹಂತದಲ್ಲಿ ಮಾರ್ಪಾಡು ಆಗುತ್ತದೆ ಎಂಬುದನ್ನು ತಿಳಿಯದೆ ಕೆಲಸ ಮುಗಿಸಿ, ಅರ್ಹತಾ ಪತ್ರದ ನವೀಕರಣಕ್ಕೆ ಬಂದಾಗ ವಾಹನವು ತಿರಸ್ಕೃತವಾದಲ್ಲಿ, ಹಾಕಿದ ಹಣವೂ ವಾಹನದ ದುಡಿಮೆಯೂ ಒಟ್ಟಿಗೆ ನಿಲ್ಲುತ್ತವೆ. ಆದುದರಿಂದ ಕತ್ತರಿಸುವ ಯಂತ್ರ ಹಿಡಿಯುವ ಮೊದಲು ನೋಂದಣಿ ಪ್ರಮಾಣ ಪತ್ರವನ್ನು ಎದುರಿಗೆ ಇಟ್ಟುಕೊಳ್ಳುವುದು ಸೂಕ್ತ.

ಮಾರ್ಪಾಡು ಎಂದರೇನು?

ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 52ರ ವಿವರಣೆಯಂತೆ, ವಾಹನದ ಮೂಲ ಲಕ್ಷಣವೇ ಬದಲಾಗುವಂತೆ ಅದರ ರಚನೆಯಲ್ಲಿ ಮಾಡುವ ಬದಲಾವಣೆಯನ್ನು ಮಾರ್ಪಾಡು ಎನ್ನಲಾಗಿದೆ. ನೋಂದಣಿ ಪ್ರಮಾಣ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಯಾವ ಮಾಲೀಕರೂ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ಕೇರಳದ ಪ್ರಕರಣವೊಂದರಲ್ಲಿ ಮಾನ್ಯ ಸರ್ವೋಚ್ಚ ನ್ಯಾಯಾಲಯವು ದಿನಾಂಕ 9-1-2019ರಂದು ಇದೇ ಅರ್ಥವನ್ನು ಎತ್ತಿ ಹಿಡಿದಿದೆ. ಹೀಗಾಗಿ ಕಚೇರಿಯ ಅನುಮತಿ ಪಡೆದರೆ ಏನನ್ನು ಬೇಕಾದರೂ ಬದಲಿಸಬಹುದೆಂಬ ಸಾಮಾನ್ಯ ನಂಬಿಕೆ ಸರಿಯಲ್ಲ. ತಯಾರಕರ ಮೂಲ ವಿವರಗಳನ್ನು ಮೀರುವ ರಚನೆಗೆ ಅನುಮತಿ ನೀಡುವ ಅಧಿಕಾರ ಕಚೇರಿಗೂ ಇಲ್ಲ.

ತುಕ್ಕು ಹಿಡಿದ ತಗಡನ್ನು ಅದೇ ಅಳತೆಯ ತಗಡಿನಿಂದ ಬದಲಿಸುವುದು, ಬ್ರೇಕ್, ಕ್ಲಚ್, ವೈರಿಂಗ್, ಆಸನದ ಹೊದಿಕೆ ಹೊಸದಾಗಿ ಹಾಕುವುದು, ಎಂಜಿನನ್ನು ಬಿಚ್ಚಿ ರೀಬೋರ್ ಮಾಡಿಸುವುದು, ಇವೆಲ್ಲ ದುರಸ್ತಿ. ಚಾಸಿಸ್ ಉದ್ದ ಮಾಡುವುದು, ಎರಡು ವಾಹನಗಳ ಚಾಸಿಸ್ ತುಂಡುಗಳನ್ನು ಬೆಸೆಯುವುದು, ಸರಕು ಸಾಗಿಸುವ ಹಿಂಭಾಗದಲ್ಲಿ ಆಸನ ಕೂರಿಸಿ ಜನರನ್ನು ಕರೆದೊಯ್ಯುವುದು ದುರಸ್ತಿಯಲ್ಲ. ಬಣ್ಣವೂ ನೋಂದಣಿ ದಾಖಲೆಯಲ್ಲಿರುವ ವಿವರವೇ ಆದ್ದರಿಂದ ಬೇರೆ ಬಣ್ಣ ಬಳಿಸುವ ಮುನ್ನ ಕಚೇರಿಯಲ್ಲಿ ವಿಚಾರಿಸಿ ದಾಖಲೆಯಲ್ಲಿ ನಮೂದು ಮಾಡಿಸಿಕೊಳ್ಳತಕ್ಕದ್ದು.

ತೂಕದ ಲೆಕ್ಕ

ಮನೆಯಲ್ಲಿ ಕಟ್ಟಿದ ವಾಹನಗಳಲ್ಲಿ ಹೆಚ್ಚಾಗಿ ಮರೆತುಹೋಗುವ ಅಂಶ ತೂಕ. ಉದಾಹರಣೆಗೆ, ವಾಹನವೊಂದರ ನೋಂದಾಯಿತ ಒಟ್ಟು ತೂಕ 2,500 ಕಿ.ಗ್ರಾಂ. ಹಾಗೂ ಖಾಲಿ ತೂಕ 1,450 ಕಿ.ಗ್ರಾಂ. ಎಂದಿಟ್ಟುಕೊಂಡರೆ, ಚಾಲಕರೂ ಸೇರಿದಂತೆ ಹೇರಬಹುದಾದ ತೂಕ 1,050 ಕಿ.ಗ್ರಾಂ. ಹಿಂಭಾಗದ ನೆಲಕ್ಕೆ ಗಟ್ಟಿಯಾಗಿರಲೆಂದು 4 ಮಿ.ಮೀ. ದಪ್ಪದ ಉಕ್ಕಿನ ತಗಡು ಹೊದಿಸಿದರೆ, ಒಂದು ಚದರ ಮೀಟರಿಗೆ ಸುಮಾರು 31 ಕಿ.ಗ್ರಾಂ.ನಂತೆ ನಾಲ್ಕು ಚದರ ಮೀಟರಿಗೆ 125 ಕಿ.ಗ್ರಾಂ. ಹೆಚ್ಚುತ್ತದೆ. ಪಕ್ಕದ ಚೌಕಟ್ಟು, ಮೇಲಿನ ಕ್ಯಾರಿಯರ್, ಹಿಂದಿನ ಭಾರೀ ಬಾಗಿಲು ಸೇರಿ ಇನ್ನೊಂದು 75 ಕಿ.ಗ್ರಾಂ. ಬಂದರೆ ಚಾಲಕರೂ ಸೇರಿದಂತೆ ಹೇರಲು ಉಳಿಯುವುದು 850 ಕಿ.ಗ್ರಾಂ. ಮಾತ್ರ. ಮಾಲೀಕರು ಮೊದಲಿನಂತೆಯೇ ಒಂದು ಟನ್ ಹೇರಿದಲ್ಲಿ ಅದು ಅಧಿಕ ಭಾರ. ಕಲಂ 194ರ ಪ್ರಕಾರ ಇದಕ್ಕೆ ರೂ. 20,000 ಹಾಗೂ ಹೆಚ್ಚುವರಿ ಪ್ರತಿ ಟನ್ನಿಗೆ ರೂ. 2,000 ದಂಡವಿದೆ.

ಸ್ಪ್ರಿಂಗಿಗೆ ಎರಡು ಪ್ಲೇಟ್ ಹೆಚ್ಚಿಗೆ ಹಾಕಿಸಿದರೆ ಭಾರ ತಾಳುತ್ತದೆ ಎಂಬ ಸಲಹೆ ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ಪ್ಲೇಟ್ ಹೆಚ್ಚಿದರೆ ವಾಹನದ ಹಿಂಭಾಗ ಬಾಗುವುದಿಲ್ಲ, ಅಷ್ಟೇ. ಬ್ರೇಕ್, ಆಕ್ಸಲ್, ಟೈರುಗಳ ಸಾಮರ್ಥ್ಯ ಮೊದಲಿನಷ್ಟೇ ಇರುತ್ತದೆ. ಘಾಟಿಯ ಇಳಿಜಾರಿನಲ್ಲಿ ವಾಹನವನ್ನು ನಿಲ್ಲಿಸಬೇಕಾದುದು ಸ್ಪ್ರಿಂಗ್ ಅಲ್ಲ.

ಎಂಜಿನ್, ಇಂಧನ ಮತ್ತು ಚಾಸಿಸ್ ಸಂಖ್ಯೆ

ಎಂಜಿನ್ ಬದಲಿಸಲು ನೋಂದಣಿ ಪ್ರಾಧಿಕಾರದ ಪೂರ್ವಾನುಮತಿ ಅಗತ್ಯ. ಹಾಕುವ ಎಂಜಿನ್ ಅದೇ ತಯಾರಕರ ಅದೇ ಮಾದರಿಯದಾಗಿದ್ದಲ್ಲಿ ತೊಡಕು ಕಡಿಮೆ. ಗುಜರಿಯಲ್ಲಿ ಕೊಂಡ ಎಂಜಿನ್ ಆಗಿದ್ದರೆ ಅದು ಯಾವ ವಾಹನದ್ದೆಂಬ ದಾಖಲೆ ಹಾಗೂ ರಸೀದಿ ಇರಬೇಕು. ಅವಿಲ್ಲದೆ ಕಡಿಮೆ ಬೆಲೆಗೆ ಸಿಕ್ಕ ಎಂಜಿನ್ ಮುಂದೆ ದುಬಾರಿಯಾಗುವ ಸಂಭವವೇ ಹೆಚ್ಚು. ಸಿ.ಎನ್.ಜಿ., ಎಲ್.ಪಿ.ಜಿ. ಅಥವಾ ಬ್ಯಾಟರಿಗೆ ಪರಿವರ್ತಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಬಳಸುವ ಕಿಟ್ ಆ ವಾಹನಕ್ಕೆ ಅನುಮೋದಿತವಾಗಿರತಕ್ಕದ್ದು. ಬಿಡಿಭಾಗಗಳನ್ನು ಕೂಡಿಸಿ ಮನೆಯಲ್ಲಿಯೇ ತಯಾರಿಸಿದ ಕಿಟ್‌ಗೆ ಮಾನ್ಯತೆ ಇಲ್ಲ.

ಚಾಸಿಸ್ ಉಜ್ಜಿ ಬಣ್ಣ ಬಳಿಯುವಾಗ ಕೆತ್ತಿದ ಸಂಖ್ಯೆಯಿರುವ ಜಾಗದಲ್ಲಿ ಗ್ರೈಂಡರ್ ಬಳಸಬಾರದು. ತುಕ್ಕಿನಿಂದ ಸಂಖ್ಯೆ ಅಳಿಸುವಂತಿದ್ದರೆ ಅದನ್ನು ಇದ್ದ ಸ್ಥಿತಿಯಲ್ಲಿಯೇ ಮೋಟಾರು ವಾಹನ ನಿರೀಕ್ಷಕರಿಗೆ ತೋರಿಸತಕ್ಕದ್ದು. ಸ್ವಂತವಾಗಿ ಹೊಸದಾಗಿ ಪಂಚ್ ಮಾಡಿದ ಸಂಖ್ಯೆಯು, ಉದ್ದೇಶ ಒಳ್ಳೆಯದೇ ಆಗಿದ್ದರೂ, ಕಳವು ವಾಹನದ ಸಂಶಯಕ್ಕೆ ಎಡೆಮಾಡುತ್ತದೆ.

ಅಲಂಕಾರದ ವಿಷಯದಲ್ಲಿ ಹೇಳಬೇಕಾದುದು ಸ್ವಲ್ಪವೇ. ಹಲವು ಸ್ವರಗಳ ಹಾರ್ನ್ ಹಾಗೂ ಸೈಲೆನ್ಸರ್ ತೆಗೆದ ಹೊಗೆ ಕೊಳವೆಗೆ ಕೇಂದ್ರ ಮೋಟಾರು ವಾಹನ ನಿಯಮಗಳು, 1989ರಲ್ಲಿ ಅವಕಾಶವಿಲ್ಲ. ಮುಂಭಾಗದ ಕಬ್ಬಿಣದ ಗಾರ್ಡ್‌ಗಳ ವಿರುದ್ಧ ಕ್ರಮ ಜರುಗಿಸುವಂತೆ ಕೇಂದ್ರ ಸರ್ಕಾರವು 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ತಿಳಿಸಿದೆ.

ಅರ್ಜಿ ಸಲ್ಲಿಸುವ ಕ್ರಮ

ಅನುಮತಿಸಬಹುದಾದ ಬದಲಾವಣೆಗೆ, ಕೆಲಸ ಆರಂಭಿಸುವ ಮೊದಲೇ, ಮಾಲೀಕರು ವಾಸವಿರುವ ವ್ಯಾಪ್ತಿಯ ಪ್ರಾದೇಶಿಕ ಅಥವಾ ಸಹಾಯಕ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿಗೆ ಪರಿವಾಹನ್ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದು. ವಾಹನದ ಮೇಲೆ ಸಾಲವಿದ್ದಲ್ಲಿ ಸಾಲ ನೀಡಿದ ಸಂಸ್ಥೆಯ ಲಿಖಿತ ಒಪ್ಪಿಗೆಯನ್ನು ಮೊದಲೇ ಪಡೆದಿರುವುದು ಅವಶ್ಯ. ಪೂರ್ವಾನುಮತಿ ಇಲ್ಲದೆ ಬದಲಾವಣೆ ಆಗಿಹೋಗಿದ್ದರೆ 14 ದಿನಗಳೊಳಗೆ ನೋಂದಣಿ ಪ್ರಮಾಣ ಪತ್ರ ಮತ್ತು ನಿಗದಿತ ಶುಲ್ಕದೊಂದಿಗೆ ವರದಿ ಮಾಡತಕ್ಕದ್ದು. ಹಾಗೆ ವರದಿ ಮಾಡಿದ ಮಾತ್ರಕ್ಕೆ ಕಾಯ್ದೆಗೆ ವಿರುದ್ಧವಾದ ಮಾರ್ಪಾಡು ಸಕ್ರಮವಾಗುವುದಿಲ್ಲ. 2019ರ ತಿದ್ದುಪಡಿಯಿಂದ ಸೇರಿದ ಕಲಂ 182-ಎ ಪ್ರಕಾರ ಅಂತಹ ಪ್ರತಿಯೊಂದು ಮಾರ್ಪಾಡಿಗೆ ರೂ. 5,000 ದಂಡ ಅಥವಾ ಆರು ತಿಂಗಳವರೆಗಿನ ಕಾರಾಗೃಹ ವಾಸ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ವಿಮಾ ಕಂಪನಿಗೂ ತಿಳಿಸುವುದು ಕ್ಷೇಮ. ತಿಳಿಸದ ಬದಲಾವಣೆಯು ಅಪಘಾತದ ನಂತರ ಪರಿಹಾರ ನಿರಾಕರಣೆಗೆ ಕಾರಣವಾಗಬಹುದು.

ಒಟ್ಟು ತೂಕ 3,000 ಕಿ.ಗ್ರಾಂ. ಮೀರದ ಸರಕು ವಾಹನಕ್ಕೆ ರಹದಾರಿ ಬೇಕಿಲ್ಲವಾದರೂ ಅರ್ಹತಾ ಪತ್ರ ಬೇಕೇ ಬೇಕು. ಎಂಟು ವರ್ಷ ಮೀರಿದ ಸಾರಿಗೆ ವಾಹನಕ್ಕೆ ಅದನ್ನು ಪ್ರತಿ ವರ್ಷ ನವೀಕರಿಸತಕ್ಕದ್ದು.

2021ರಲ್ಲಿ ಜಾರಿಗೆ ಬಂದ ವಿಂಟೇಜ್ ವಾಹನ ನಿಯಮಗಳಡಿ ಹಳೆಯ ಪಿಕಪ್‌ಗಳನ್ನು ನೋಂದಾಯಿಸಬಹುದೇ ಎಂದು ವಿಚಾರಿಸುವವರಿದ್ದಾರೆ. ಆ ನಿಯಮಗಳು ಐವತ್ತು ವರ್ಷ ಮೀರಿದ, ಸ್ವಂತ ಬಳಕೆಯ ದ್ವಿಚಕ್ರ ಮತ್ತು ಪ್ರಯಾಣಿಕರ ನಾಲ್ಕು ಚಕ್ರದ ವಾಹನಗಳಿಗೆ ಸೀಮಿತವಾಗಿದ್ದು, ಸರಕು ಸಾಗಣೆಯ ಪಿಕಪ್‌ಗಳು ಅದರಲ್ಲಿ ಸೇರುವುದಿಲ್ಲ.

ಬಿಡಿಭಾಗಗಳಿಗಾಗಿ ಮತ್ತೊಂದು ಹಳೆಯ ವಾಹನವನ್ನು ಕೊಂಡು ಬಿಚ್ಚುವವರು ಮೊದಲು ಅದನ್ನು ತಮ್ಮ ಹೆಸರಿಗೆ ವರ್ಗಾಯಿಸಿಕೊಂಡು, ಅದು ಬಳಕೆಗೆ ಬಾರದಂತಾದ 14 ದಿನಗಳೊಳಗೆ ಕಲಂ 55ರಂತೆ ವರದಿ ಮಾಡಿ ಅದರ ನೋಂದಣಿಯನ್ನು ರದ್ದುಪಡಿಸಿಕೊಳ್ಳತಕ್ಕದ್ದು. ಅಲ್ಲಿಯವರೆಗೆ, ಬರೀ ಚೌಕಟ್ಟು ಉಳಿದಿದ್ದರೂ, ಆ ವಾಹನದ ಹೊಣೆಯು ದಾಖಲೆಯಲ್ಲಿರುವ ಮಾಲೀಕರದೇ ಆಗಿರುತ್ತದೆ.